ಅತ್ತೆಯ ಕನಸಿನ ಥಾಯ್ ಹೋಟೆಲು

ನಾನು ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಗಿರಾಕಿ ಹಳೇ ಗೋಡೆಯ ಒಂದು ಚಕ್ಕೆ ತಂದು ಕೌಂಟರಿನ ಮೇಲಿಟ್ಟು "ಇದೇ ಬೇಕು" ಎಂದರೆ ಸಾಕು, ಡಬ್ಬಿಗೆ ಇಷ್ಟು ಹಳದಿ ಅಷ್ಟು ಕಪ್ಪು ಬಿಟ್ಟು, ಯಂತ್ರದಲ್ಲಿ ಕುಲುಕಿಸಿ, ಮುಚ್ಚಳ ತೆಗೆದು ತೋರಿಸುತ್ತೇನೆ. ಯಾವುದು ಹಳೆಯದು, ಯಾವುದು ನನ್ನದು ಎಂದು ಆ ಗೋಡೆಗೇ ಗೊತ್ತಾಗಬಾರದು. ಇಂಥ ಮಹಾಪುರುಷನಿಗೆ ಒಂದು ಥಾಯ್ ಹೋಟೆಲು ಹುಡುಕುವುದು ಯಾವ ಲೆಕ್ಕ! "ಈ ನಗರದಲ್ಲಿರಲಿ, ನಗರದ ಆಚೆ ಇರಲಿ, ಹುಡುಕಿಯೇ ತೀರ್ತೀನಿ" ಎಂದು ಅತ್ತೆಯ ಮಂಚದ ಪಕ್ಕ ನಿಂತು ಎದೆ ತಟ್ಟಿಕೊಂಡೆ. ಆ ಹೋಟೆಲು ಇದ್ದದ್ದು ಅತ್ತೆಯ ಕನಸಿನಲ್ಲಿ ಮಾತ್ರ ಎಂಬ ಸಣ್ಣ ತೊಡಕನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆದದ್ದಿಷ್ಟು. ಅತ್ತೆಗೆ ಜ್ವರ ಬಂದು ಹೋಗಿತ್ತು. ಹೋಗುವಾಗ ಹಸಿವನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಗಂಜಿ ಕೊಟ್ಟರೆ ಎರಡು ಚಮಚ, ಹಣ್ಣು ಕೊಟ್ಟರೆ ಒಂದು ಹೋಳು, ಆಮೇಲೆ "ಸಾಕಮ್ಮ" ಎಂದು ಗೋಡೆಯ ಕಡೆ ತಿರುಗಿ ಮಲಗುವರು. ಮುಖ ದಿನೇದಿನೇ ಸಣ್ಣದಾಗುತ್ತಿತ್ತು. "ಹಸಿವಿಗೆ ಮಾತ್ರೆ ಇಲ್ಲ. ಅವರಾಗಿ ಏನಾದ್ರೂ ಕೇಳಿದ್ರೆ ಕೊಡಿ, ಏನು ಬೇಕಾದ್ರೂ ಸರಿ" ಎಂದಿದ್ದರು ಡಾಕ್ಟರು. ಅತ್ತೆ ಏನನ್ನೂ ಕೇಳುತ್ತಿರಲಿಲ್ಲ. ಮಿಕ್ಕಿದ ಗಂಜಿ ಚೆಲ್ಲಿ ಪಾತ್ರೆ ತೊಳೆಯುವಾಗ ನನ್ನ ಹೆಂಡತಿ ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದಳು, ತಾನು ಅಳುವುದು ಯಾರಿಗೂ ಕೇಳಿಸಬಾರದೆಂದು.

ಹಾಗಿರುವಾಗ ಒಂದು ಮಧ್ಯಾಹ್ನ ಅತ್ತೆ ಟಿವಿ ಮುಂದೆ ಕುರ್ಚಿಯಲ್ಲಿ ಒರಗಿ ನಿದ್ದೆ ಹೋದರು. ಎದ್ದಾಗ ಕಣ್ಣು ಬೇರೆಯೇ ಆಗಿತ್ತು.

"ಒಂದು ಹೋಟೆಲಿಗೆ ಹೋಗಿದ್ದೆ" ಎಂದರು, ಈಗಷ್ಟೇ ಚಪ್ಪಲಿ ಬಿಟ್ಟು ಒಳಗೆ ಬಂದವರ ಹಾಗೆ. "ನೀಲಿ ಬಾಗಿಲು. ಒಳಗೆ ಗಾಜಿನ ತೊಟ್ಟಿ, ಅದರಲ್ಲಿ ಒಂದೇ ಒಂದು ಕೆಂಪು ಮೀನು. ಅದು ಬಾಲ ಆಡಿಸೋದು ಕೇಳಿಸ್ಬೇಕು, ಅಷ್ಟು ನಿಶ್ಶಬ್ದ. ಬಿಳೀ ಸೂಪು ತಂದುಕೊಟ್ರು. ತೆಂಗಿನಹಾಲಿನದು. ನಿಂಬೆ ವಾಸನೆ, ಆದ್ರೆ ನಿಂಬೆ ಅಲ್ಲ, ಯಾವುದೋ ಹುಲ್ಲಿನದು. ಹುಳಿ, ಖಾರ, ಸಿಹಿ ಮೂರೂ ಒಟ್ಟಿಗೆ ಬಂದು ನಾಲಿಗೆ ಮೇಲೆ ಕೂತವು. ಎರಡನೇ ಚಮಚ ಎತ್ತೋಷ್ಟರಲ್ಲಿ ಎಚ್ಚರ ಆಯ್ತು." ಕಿಟಕಿಯ ಬೆಳಕನ್ನು ನೋಡುತ್ತ ಮೆಲ್ಲಗೆ ಸೇರಿಸಿದರು: "ಹಸಿವಾಗಿತ್ತು ಕಣೇ."

ಹೆಂಡತಿ ನನ್ನ ಕೈ ಹಿಡಿದು ಹಿಂಡಿದಳು. "ಅದು ಥಾಯ್ ಅಡುಗೆ ಅಮ್ಮಾ. ನೀನು ಮಲಗಿದ್ದಾಗ ಟಿವಿಲಿ ತೋರಿಸ್ತಿದ್ರು." ಸೂಪು ಟಿವಿಯದೇ ಸರಿ. ಬಾಗಿಲೂ ಮೀನೂ ಎಲ್ಲಿಂದ ಬಂದವೋ ದೇವರೇ ಬಲ್ಲ.

"ಹಾಗಾದ್ರೆ ತಾಯಿಗೊಂದು ಥಾಯ್..." ಎಂದು ನಾನು ಶುರು ಮಾಡಿದ್ದೇ ತಡ,

"ಆ ಜೋಕು ಬೇಡ. ಹೋಟೆಲ್ ಹುಡುಕಿ" ಎಂದಳು.

ಹುಡುಕಾಟ ಆರಂಭವಾಯಿತು. ಮೊದಲನೆಯದು ರೈಲ್ವೆ ನಿಲ್ದಾಣದ ಎದುರು, ಮಹಡಿಯ ಮೇಲೆ. ಸೂಪು ಬಂತು. ನಾನು ಅತ್ತೆಗೆ ಅದರ ಚರಿತ್ರೆ, ಭೂಗೋಳ ಎರಡನ್ನೂ ವಿವರಿಸಿದೆ. ಆ ಬಿಳುಪಿನಲ್ಲಿ ತುಸು ಹಳದಿ ಬೆರೆತಿರುವುದನ್ನೂ, ಅಂಥ ಬಿಳುಪನ್ನು ನಮ್ಮಂಗಡಿಯಲ್ಲಿ ಯಾವ ಡಬ್ಬಿಯಿಂದ ತೆಗೆಯುತ್ತೇವೆ ಎಂಬುದನ್ನೂ ಹೇಳಿದೆ. ಅತ್ತೆ ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದರು. "ಇದಲ್ಲ. ಬಾಗಿಲು ಕಂದು. ನೀವೇ ಕುಡೀರಿ." ಅನ್ನ ಚೆಲ್ಲಬಾರದು ಎನ್ನುತ್ತಾರೆ, ಸೂಪು ಚೆಲ್ಲಬಹುದೇ? ನನ್ನದನ್ನೂ ಅವರದನ್ನೂ ಕುಡಿದೆ.

ಎರಡನೆಯದು ಮಾಲ್‌ನಲ್ಲಿ. ಅಲ್ಲಿ ಬಾಗಿಲೇ ಇರಲಿಲ್ಲ. ಮೂರನೆಯದಕ್ಕೆ ಬಾಗಿಲಿತ್ತು, ಸೂಪಿಗೆ ಪರಿಮಳವಿರಲಿಲ್ಲ. ಹಸಿ ಹುಲ್ಲಿನ ಬದಲು ಅದರ ಪುಡಿ ಹಾಕಿದ್ದರು. ಆಮೇಲಾಮೇಲೆ ನನಗೇ ವಿದ್ಯೆ ಹತ್ತಿತು. ನಿಂಬೆಹುಲ್ಲನ್ನು ಜಜ್ಜಿ ಹಾಕಿದ್ದಾರೋ, ಸುಮ್ಮನೆ ಕತ್ತರಿಸಿ ಹಾಕಿದ್ದಾರೋ ಎಂದು ಬಟ್ಟಲಿನ ಹಬೆಯಲ್ಲೇ ಹೇಳಬಲ್ಲವನಾದೆ. ಸಂಜೆಯ ಬಸ್ಸಿನಲ್ಲಿ ಹಿಂದಿರುಗುವಾಗ ಅತ್ತೆ ಕಿಟಕಿಗೆ ಹಣೆ ಹಚ್ಚಿ ಕೂರುತ್ತಿದ್ದರು. ಬೀದಿದೀಪಗಳು ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋಗುತ್ತಿದ್ದವು, ಅವರು ಪ್ರತಿ ಬಾಗಿಲನ್ನೂ ನೋಡುತ್ತಿದ್ದರು. ನನಗೂ ರಾತ್ರಿಯೆಲ್ಲ ನೀಲಿ ಬಾಗಿಲುಗಳೇ ತೆರೆದುಕೊಂಡು ಮುಚ್ಚಿಕೊಳ್ಳತೊಡಗಿದವು.

"ರೀ, ಅಮ್ಮನಿಗೆ ಊಟ ಮಾಡಿಸೋಕೆ ಹೋಗ್ತಿರೋದು ತಾನೇ?" ಎಂದಳು ಹೆಂಡತಿ ಒಂದು ಬೆಳಿಗ್ಗೆ.

"ಹೌದಲ್ಲ. ಯಾಕೆ?"

"ನಿಮ್ಮ ಪ್ಯಾಂಟಿನ ಗುಂಡಿ ಹಾರಿಹೋಗಿದೆ."

ಅವಳು ನಗಲಿಲ್ಲ. ಅತ್ತೆ ಗಂಜಿಯನ್ನು ಒಂದು ಚಮಚಕ್ಕೆ ಇಳಿಸಿದ್ದರು.

ಬಸ್ಸಿನ ಕೊನೆಯ ನಿಲ್ದಾಣದಲ್ಲಿ, ಊರು ಮುಗಿದು ಬಯಲು ಶುರುವಾಗುವಲ್ಲಿ ಒಂದು ಪುಟ್ಟ ಥಾಯ್ ಹೋಟೆಲಿದೆಯೆಂದು ಗಿರಾಕಿಯೊಬ್ಬರು ಹೇಳಿದರು. ಈ ಸಲ ಒಬ್ಬನೇ ಹೋದೆ. ಸೂಪಿನ ಮೊದಲ ಚಮಚಕ್ಕೇ ನಾನು ಬಡಿಸುವವರ ಜೊತೆಗಿನ ಮಾತು ನಿಲ್ಲಿಸಿದೆನೆಂದರೆ ನೀವೇ ಊಹಿಸಿಕೊಳ್ಳಿ. ಹುಳಿ, ಖಾರ, ಸಿಹಿ ಬಂದು ನಾಲಿಗೆಯ ಮೇಲೆ ಕೂತವು, ಅತ್ತೆ ಹೇಳಿದ ಹಾಗೆಯೇ. ಬಾಗಿಲು ಮಾತ್ರ ಬೂದು ಬಣ್ಣದ್ದು. ಮೀನಿಲ್ಲ. ಆಗ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಹೋಟೆಲು ಕನಸಿಗೆ ಹೊಂದದಿದ್ದರೆ ಹೊಂದಿಸುವುದು! ಜೀವಮಾನವಿಡೀ ನಾನು ಮಾಡುತ್ತಿರುವ ಕೆಲಸ ಮತ್ತೇನು?

ಅಂದೇ ಸಂಜೆ ಅಂಗಡಿಯ ಶೇಡ್ ಕಾರ್ಡು ಬಿಚ್ಚಿ ಅತ್ತೆಯ ಹೊದಿಕೆಯ ಮೇಲೆ ಹರಡಿದೆ. ನೀಲಿಯಲ್ಲೇ ಎಷ್ಟು ನೀಲಿ! ಅತ್ತೆ ಬೆರಳನ್ನು ನಿಧಾನವಾಗಿ ಒಂದೊಂದರ ಮೇಲೂ ಸರಿಸುತ್ತ ಹೋದರು. "ಇದು ಮತ್ತು ಇದರ ನಡುವಿನದು" ಎಂದರು. ಕಾರ್ಡಿನಲ್ಲಿಲ್ಲದ ಬಣ್ಣ. ನಾನು ಮಾರನೆಯ ದಿನ ಅದನ್ನು ಬೆರೆಸಿದೆ.

ಹೋಟೆಲಿನ ಯಜಮಾನಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಾಗಿಲಿಗೆ ಬಣ್ಣ ಬಳೀತೀರಾ? ಸುಮ್ಮನೆ?"

"ಸುಮ್ಮನೆ. ನಮ್ಮ ಅತ್ತೆಗೋಸ್ಕರ."

"ಹಾಗಾದ್ರೆ ಕಿಟಕಿಗೂ ಬಳೀರಿ."

"ಆಗಲಿ."

"ಮುಂದಿನ ಮೆಟ್ಟಿಲೂ ಬಣ್ಣ ಕಂಡು ಬಹಳ ಕಾಲ ಆಯ್ತು."

ಬೆರಳು ಕೊಟ್ಟರೆ ಹಸ್ತ ನುಂಗಿದರು. ಒಪ್ಪಿಕೊಂಡೆ. ಮೀನಿಗಾಗಿ ನಮ್ಮಂಗಡಿಯ ಕ್ಯಾಷಿಯರ್ ಕಾಲು ಹಿಡಿದೆ. ಅವರ ಮನೆಯಲ್ಲಿ ಒಂದು ಕೆಂಪು ಮೀನಿತ್ತು. "ತೊಟ್ಟಿ ಸಮೇತ ತಗೊಂಡ್ಹೋಗಿ. ಆದ್ರೆ ಅದರ ಹತ್ರ ಜಾಸ್ತಿ ಮಾತಾಡ್ಬೇಡಿ, ಪಾಪದ ಪ್ರಾಣಿ" ಎಂದರು. ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಪ್ರತಿ ತಿರುವಿಗೂ ಅರ್ಧ ಲೋಟ ನೀರು ನನ್ನ ಮಡಿಲಿಗೆ. ಪಕ್ಕದ ಹೆಂಗಸು ನನ್ನ ಒದ್ದೆ ಪ್ಯಾಂಟು ನೋಡಿ ಬೇರೆ ಸೀಟಿಗೆ ಹೋದರು. ಮೀನು ಮಾತ್ರ ಕಿಟಕಿಯಾಚೆಯ ಮೋಡ ನೋಡುತ್ತ ಹಾಯಾಗಿ ತೇಲುತ್ತಿತ್ತು.

ಬಾಗಿಲು ಮುಗಿಸಿ, ಕಿಟಕಿ ಮುಗಿಸಿ, ಮೆಟ್ಟಿಲಿಗೆ ಕೊನೆಯ ಕೈ ಹೊಡೆಯುತ್ತಿದ್ದಾಗ ಫೋನು ಬಂತು. ಹೆಂಡತಿಯದು. "ಅಮ್ಮ ಇವತ್ತು ಬಾಯೇ ತೆಗೀಲಿಲ್ಲ ರೀ. ನೀರೂ ಬೇಡ ಅಂತಿದಾರೆ."

ಬಣ್ಣ ಬಳಿದರೆ ಒಂದು ರಾತ್ರಿ ಒಣಗಲು ಬಿಡಬೇಕು. ಈ ಮಾತನ್ನು ಗಿರಾಕಿಗಳಿಗೆ ಹೇಳಿ ಹೇಳಿಯೇ ನನ್ನ ಕೂದಲು ಹಣ್ಣಾದದ್ದು. ಆದರೆ ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದು, "ಸಿಕ್ತು ಕಣೇ! ನೀಲಿ ಬಾಗಿಲು. ಈಗಲೇ ಟ್ಯಾಕ್ಸಿ ಮಾಡ್ಕೊಂಡು ಕರ್ಕೊಂಡು ಬಾ."

ಬಂದರು. ಇಳಿಬಿಸಿಲಿನಲ್ಲಿ ಹೋಟೆಲು ನಿಜಕ್ಕೂ ಯಾರೋ ಕಂಡ ಕನಸಿನ ಹಾಗೆಯೇ ಇತ್ತು. ಅತ್ತೆ ಮಗಳ ಭುಜ ಹಿಡಿದು ಇಳಿದರು, ಬಾಗಿಲು ನೋಡಿದರು, ನಿಂತೇಬಿಟ್ಟರು. ನಾನು ಅವರಿಬ್ಬರನ್ನೂ ಹಸಿ ಮೆಟ್ಟಿಲು ದಾಟಿಸಿದೆ. ಬಾಗಿಲನ್ನೂ ನಾನೇ ತಳ್ಳಬೇಕಿತ್ತು. ಆದರೆ ಈ ಬಾಗಿಲಿಗಾಗಿ ಊರೆಲ್ಲ ಹೇಗೆ ಅಲೆದೆ ಎಂಬ ವರ್ಣನೆಯಲ್ಲಿ ಮುಳುಗಿದ್ದೆ. ಅಷ್ಟರಲ್ಲಿ ಅತ್ತೆ ಅಂಗೈಯನ್ನು ಪೂರ್ತಿ ಬಿಡಿಸಿ ಬಾಗಿಲ ಮೇಲಿಟ್ಟರು.

ಅಂಗೈ ನೀಲಿಯಾಯಿತು. ಅತ್ತೆ ಅದನ್ನು ನೋಡಿದರು, ನನ್ನ ನೀಲಿ ಉಗುರುಗಳನ್ನು ನೋಡಿದರು.

"ಕನಸಲ್ಲಿ ಒಣಗಿತ್ತು" ಎಂದಷ್ಟೇ ಹೇಳಿ ಒಳಗೆ ಹೋದರು.

ಮೂಲೆಯಲ್ಲಿ ಮೀನು ಬಾಲ ಆಡಿಸುತ್ತಿತ್ತು. ಯಜಮಾನಿ ಸೂಪು ತಂದಿಟ್ಟರು. ಹಬೆ ಅತ್ತೆಯ ಮುಖದ ಸುತ್ತ ಸುತ್ತಿಕೊಂಡಿತು. ಅವರು ಕಣ್ಣು ಅರೆಮುಚ್ಚಿ ಉಸಿರೆಳೆದುಕೊಂಡರು, ಚಮಚ ಎತ್ತಿದರು.

"ನೋಡಿ ಅತ್ತೆ, ಇಲ್ಲಿ ನಿಂಬೆಹುಲ್ಲನ್ನ ಜಜ್ಜಿ ಹಾಕ್ತಾರೆ. ಅದೇ ಗುಟ್ಟು. ರೈಲ್ವೆ ನಿಲ್ದಾಣದ ಹತ್ರ ನೋಡಿ..."

ಚಮಚ ಬಟ್ಟಲಿಗೆ ವಾಪಸು ಇಳಿಯಿತು.

"ಯಾಕತ್ತೆ? ಬಾಗಿಲು ಅದೇ ಅಲ್ವಾ?"

"ಅದೇ."

"ಮೀನು?"

"ಅದೇ. ವಾಸನೆನೂ ಅದೇ. ಒಂದೇ ಒಂದು ವ್ಯತ್ಯಾಸ ಇದೆ."

"ಹೇಳಿ ಅತ್ತೆ, ಈಗಲೇ ಸರಿ ಮಾಡ್ತೀನಿ!"

ಅತ್ತೆ ನನ್ನನ್ನು ಬಹಳ ಪ್ರೀತಿಯಿಂದ ನೋಡಿದರು. "ಕನಸಲ್ಲಿ ನೀವು ಇರ್ಲಿಲ್ಲ ಅಳಿಯಂದಿರೇ."

ಮೀನು ತಿರುಗಿದ್ದು ಆಗ ನನಗೂ ಕೇಳಿಸಿತು. ಎದ್ದು ಹೊರಗೆ ಬಂದೆ. ಮೆಟ್ಟಿಲ ಮೇಲೆ ಕುಳಿತೆ. ಕುಳಿತ ಮೇಲೆ ಅದಕ್ಕೂ ನಾನೇ ಬಣ್ಣ ಬಳಿದದ್ದು ನೆನಪಾಯಿತು. ಇನ್ನು ಏಳುವುದರಲ್ಲಿ ಅರ್ಥವಿರಲಿಲ್ಲ. ಮುಂದೆ ಬಯಲಿನ ಮೇಲೆ ಆಕಾಶ ನಿಧಾನವಾಗಿ ಬಾಗಿಲಿನ ಬಣ್ಣಕ್ಕೆ ತಿರುಗುತ್ತಿತ್ತು. ಕಾರ್ಡಿನಲ್ಲಿಲ್ಲದ ಅದೇ ನೀಲಿ. ಒಳಗೆ ಒಂದು ಚಮಚ ಬಟ್ಟಲಿಗೆ ತಾಗಿದ ಸದ್ದು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು. ಆಮೇಲೆ ಒಂದರ ಹಿಂದೊಂದು ಬರತೊಡಗಿದವು, ನನ್ನ ಕಣ್ಣು ಮಂಜಾಯಿತು. ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ಯಾರೂ ಇರಲಿಲ್ಲ.

ಬಾಗಿಲು ತೆರೆದು ಹೆಂಡತಿ ಬಂದಳು. ಕೆನ್ನೆ ಒದ್ದೆ, ಬಾಯಿ ತುಂಬ ನಗು.

"ಇನ್ನೊಂದು ಬಟ್ಟಲು ಕೇಳಿದ್ರು ರೀ. ಅನ್ನನೂ ಕೇಳಿದ್ರು."

ನಾನು ಏಳಲು ಹೊರಟೆ. ಅವಳು ಭುಜ ಹಿಡಿದು ಮತ್ತೆ ಕೂರಿಸಿದಳು.

"ಕೂತಿರಿ, ಕೂತಿರಿ. ಅಮ್ಮನಿಗೆ ಈಗ ಪೂರ್ತಿ ನೆನಪಾಯ್ತಂತೆ. ಕನಸಲ್ಲೂ ಈ ಮೆಟ್ಟಿಲ ಮೇಲೆ ಯಾರೋ ಕೂತಿದ್ರಂತೆ. ಬಾಯೇ ಬಿಡ್ತಿರ್ಲಿಲ್ಲವಂತೆ, ಅದಕ್ಕೇ ನೀವು ಅಂತ ಗುರುತು ಸಿಗ್ಲಿಲ್ಲವಂತೆ."