ಎಂಟು ನಿಮಿಷಕ್ಕೊಮ್ಮೆ ಮೂಡುವ ಹಸಿರು ಬಟನ್ ಅವರಿಗೆ

ಮಾನ್ಯರೇ,

ಪಶುವೈದ್ಯರ ನಿರಂತರ ಶಿಕ್ಷಣದ ಆನ್‌ಲೈನ್ ತರಗತಿಯಲ್ಲಿ ಎಂಟು ನಿಮಿಷಕ್ಕೊಮ್ಮೆ ಪರದೆಯ ಮೇಲೆ ಮೂಡಿ, "ತಾವು ಗಮನವಿಟ್ಟು ಕೇಳುತ್ತಿದ್ದೀರಾ?" ಎಂದು ವಿಚಾರಿಸುವ ತಮ್ಮ ಸನ್ನಿಧಿಗೆ ಅನಂತ ನಮಸ್ಕಾರಗಳು. ತಾವು ಊಟ ನಿದ್ರೆಗಳ ಹಂಗಿಲ್ಲದೆ ಸದಾ ಹೊಳೆಯುತ್ತ ಸುಖವಾಗಿದ್ದೀರೆಂದು ನಂಬಿದ್ದೇನೆ. ಇತ್ತ ನಾನೂ, ನನ್ನ ಕಾಂಪೌಂಡರೂ, ಹಿಂದಿನ ಕೋಣೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿರುವ ಮೂರು ನಾಯಿಗಳೂ ಇದ್ದುದರಲ್ಲಿ ಕ್ಷೇಮ.

ಮೊದಲಿಗೆ ತಮ್ಮ ಕಾಳಜಿಗೆ ಕೃತಜ್ಞತೆ ಹೇಳಬೇಕು. ಮದುವೆಯಾದ ಇಪ್ಪತ್ತನಾಲ್ಕು ವರ್ಷಗಳಲ್ಲಿ ನನ್ನ ಯಜಮಾನರು ನಾನು ಕೇಳಿಸಿಕೊಳ್ಳುತ್ತಿದ್ದೇನೆಯೇ ಎಂದು ವಿಚಾರಿಸಿದ್ದು ಹೆಚ್ಚೆಂದರೆ ನಾಲ್ಕು ಸಲ; ತಾವಾದರೋ ಗಂಟೆಗೆ ಏಳು ಸಲ ವಿಚಾರಿಸುತ್ತೀರಿ, ಅರ್ಧ ನಿಮಿಷದೊಳಗೆ ತಮ್ಮನ್ನು ಒತ್ತಿ ಉತ್ತರಿಸದಿದ್ದರೆ ಮುನಿಸಿಕೊಂಡು ಇಡೀ ಪಾಠವನ್ನು ಮೊದಲಿನಿಂದ ಶುರುಮಾಡುತ್ತೀರಿ. ಇಷ್ಟು ಹಚ್ಚಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಕಲಿಯಲು ಮೈಗಳ್ಳತನ ಮಾಡುವವಳಲ್ಲ. ಇಪ್ಪತ್ತಾರು ವರ್ಷಗಳ ಹಿಂದೆ ಕಾಲೇಜಿನಲ್ಲಿ ಕಲಿತದ್ದರಲ್ಲಿ ಅರ್ಧ ಈಗ ಸುಳ್ಳಾಗಿದೆಯೆಂದು ಗೊತ್ತು. ಯಾವ ಅರ್ಧ ಎಂಬುದು ಗೊತ್ತಿಲ್ಲವಾದ್ದರಿಂದಲೇ ಈ ಪಾಠಗಳು ನನಗೆ ನಿಜವಾಗಿ ಬೇಕು. ಮೂವತ್ತು ಪಾಠ ಮುಗಿಸದಿದ್ದರೆ ತಿಂಗಳ ಕೊನೆಗೆ ನನ್ನ ಪರವಾನಗಿ ರದ್ದಾಗುತ್ತದೆ, ಆಮೇಲೆ ಈ ಸುತ್ತಮುತ್ತ ಹಸುವಿನ ಮೈ ಮುಟ್ಟುವ ವೈದ್ಯರೇ ಇರುವುದಿಲ್ಲ. ಹಾಗಾಗಿ ಮೂರು ತಿಂಗಳಿಂದ ಒಂದು ಕೈಯಲ್ಲಿ ಬೆಕ್ಕನ್ನು ಹಿಡಿದು ಇನ್ನೊಂದು ಕೈಯಲ್ಲಿ ತಮ್ಮನ್ನು ಒತ್ತುತ್ತ ಹತ್ತೊಂಬತ್ತು ಪಾಠ ಮುಗಿಸಿದೆ. ಪ್ರತಿ ಪಾಠದ ಆರಂಭದಲ್ಲಿ ಬರುವ ಪಶುವೈದ್ಯ ಮಂಡಳಿಯ ಅಧ್ಯಕ್ಷರ ಸ್ವಾಗತ ಭಾಷಣ ನನ್ನ ಕಾಂಪೌಂಡರ್ ಅವರಿಗೆ ಬಾಯಿಪಾಠವಾಗಿದ್ದು, ಅವರು ಹಠ ಮಾಡುವ ನಾಯಿಗಳ ಮುಂದೆ ಅದನ್ನು ಹೇಳುತ್ತಾರೆ, ನಾಯಿಗಳು ಸುಮ್ಮನಾಗುತ್ತವೆ.

ಇಪ್ಪತ್ತನೆಯ ಪಾಠ ಮಾತ್ರ ಕೈಗೆ ಹತ್ತಲಿಲ್ಲ. ಅದು ಆಗತಾನೇ ಹುಟ್ಟಿದ ಕರುವಿನ ಆರೈಕೆಯ ಹೊಸ ಸಂಶೋಧನೆಗಳ ಕುರಿತಾದದ್ದು. ಆರು ಸಲ ಶುರುಮಾಡಿದೆ. ಆರು ಸಲವೂ ಹದಿನಾರನೆಯ ನಿಮಿಷ ದಾಟುವುದರೊಳಗೆ ಯಾವುದೋ ಪ್ರಾಣಿ ನನ್ನ ಗಮನ ಕೇಳಿತು, ಹೊಟ್ಟೆಕಿಚ್ಚಿಗೆ ತಾವೂ ಅದೇ ಹೊತ್ತಿಗೆ ಕೇಳಿದಿರಿ. ಏಳನೆಯ ಸಲ ನಾನು ಒಂದು ಕೊಟ್ಟಿಗೆಯಲ್ಲಿದ್ದೆ. ಮಧ್ಯಾಹ್ನ ಎರಡು ಗಂಟೆ, ಫೋನು ಕಿಟಕಿಯ ಕಟ್ಟೆಯ ಮೇಲೆ ಪಾಠ ಹೇಳುತ್ತಿತ್ತು, ನನ್ನ ಬಲಗೈ ಭುಜದವರೆಗೆ ಹಸುವಿನೊಳಗೆ ಹೋಗಿ ಕರುವಿನ ಮಡಚಿಕೊಂಡ ಮುಂಗಾಲನ್ನು ಹುಡುಕುತ್ತಿತ್ತು, ಎಡಗೈ ಹಗ್ಗ ಹಿಡಿದಿತ್ತು. ಆಗ ತಾವು ದಯಮಾಡಿಸಿದಿರಿ. ಬಾಲ ಹಿಡಿದು ನಿಂತಿದ್ದ ಹಸುವಿನ ಒಡತಿಯನ್ನು ಆ ಹಸಿರು ಬಟನ್ ಒತ್ತಿ ಎಂದು ಬೇಡಿಕೊಂಡೆ. ಅವರು, "ಕೈಯೆಲ್ಲ ಸೆಗಣಿ ಡಾಕ್ಟ್ರೇ, ನಿಮ್ಮ ಫೋನ್ ಕೆಟ್ಟುಹೋದ್ರೆ ಏನ್ ಮಾಡೋದು?" ಎಂದು ಹಿಂಜರಿದರು. ಅರ್ಧ ನಿಮಿಷ ಕಳೆಯಿತು. ಅಧ್ಯಕ್ಷರು ಕೊಟ್ಟಿಗೆಯಲ್ಲಿದ್ದ ಎಲ್ಲರನ್ನೂ ಸ್ವಾಗತಿಸತೊಡಗಿದರು.

ಕರು ಹೊರಗೆ ಬಂದಾಗ ಅದರ ಎದೆ ಬಡಿಯುತ್ತಿತ್ತು, ಉಸಿರಿರಲಿಲ್ಲ. ಇಪ್ಪತ್ತಾರು ವರ್ಷ ಮಾಡಿಕೊಂಡು ಬಂದದ್ದನ್ನೇ ಮಾಡಿದೆ: ಹಿಂಗಾಲು ಕಟ್ಟಿ ಗೇಟಿಗೆ ತಲೆಕೆಳಗಾಗಿ ನೇತುಹಾಕಿ, ಬಾಯಿಂದ ನೀರು ಸುರಿಯುವುದನ್ನು ನೋಡಿ ಶ್ವಾಸಕೋಶ ಬರಿದಾಗುತ್ತಿದೆಯೆಂದು ಸಮಾಧಾನಪಟ್ಟು, ಬೆನ್ನು ತಿಕ್ಕಿದೆ. ಕರು ಎರಡು ಸಲ ಬಿಕ್ಕಿ ಸುಮ್ಮನಾಯಿತು. ಒಡತಿ ಅದರ ಮೇಲೆ ಗೋಣಿಚೀಲ ಹೊದಿಸಿದರು.

ಮನೆಗೆ ಬಂದು ನನ್ನ ಅತ್ತೆಯವರ ಮುಂದೆ ಫೋನು ಇಟ್ಟು, ಇನ್ನು ನನ್ನಿಂದಾಗದು, ಪರವಾನಗಿ ಹೋದರೆ ಹೋಗಲಿ ಎಂದೆ. ಅತ್ತೆಯವರಿಗೆ ಎಪ್ಪತ್ತೊಂಬತ್ತು ವರ್ಷ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿ, ಯಾರನ್ನೂ ಅರ್ಧ ನಿಮಿಷ ಕಾಯಿಸದೆ ನಿವೃತ್ತರಾದವರು. "ಅಷ್ಟೇ ತಾನೆ? ಇಲ್ಲಿ ಕೊಡು," ಎಂದು, ಬಟಾಣಿ ಬಿಡಿಸುತ್ತ, ಮೂರು ದಿನದಲ್ಲಿ ಹನ್ನೊಂದು ಪಾಠ ಮುಗಿಸಿ ಪರೀಕ್ಷೆಯಲ್ಲಿ ತೊಂಬತ್ತೆಂಟು ಅಂಕ ಪಡೆದರು. ನಾನು ಮೊದಲ ಹತ್ತೊಂಬತ್ತು ಪಾಠಗಳ ಪರೀಕ್ಷೆಯಲ್ಲಿ ಪಡೆದದ್ದು ಎಪ್ಪತ್ತೊಂದು. ನನ್ನ ಹೆಸರಿನಲ್ಲಿ ಪ್ರಮಾಣಪತ್ರವೂ, 'ಅಚಲ ಗಮನ'ಕ್ಕಾಗಿ ಅಭಿನಂದನಾ ಪತ್ರವೂ ಬಂದವು.

ಅದನ್ನು ಕೈಗಿಡುತ್ತ ಅತ್ತೆಯವರು ಹೇಳಿದರು: "ನೋಡಮ್ಮ, ಕರುನ ತಲೆಕೆಳಗಾಗಿ ನೇತುಹಾಕಬಾರದಂತೆ. ಸುರಿಯೋದು ಬರೀ ಹೊಟ್ಟೆ ನೀರಂತೆ, ಕರುಳೆಲ್ಲ ಎದೆ ಮೇಲೆ ಕೂತು ಉಸಿರಾಡೋಕೇ ಬಿಡಲ್ವಂತೆ. ಎದೆ ಊರಿ ನೆಟ್ಟಗೆ ಕೂರಿಸಿ ಮೂಗಿಗೆ ಹುಲ್ಲುಕಡ್ಡಿ ಹಾಕ್ಬೇಕಂತೆ. ನಿಂಗೆ ಗೊತ್ತಿರತ್ತೆ ಬಿಡು." ನನಗೆ ಗೊತ್ತಿರಲಿಲ್ಲ. ಅದು ಇಪ್ಪತ್ತನೆಯ ಪಾಠದ ನಲವತ್ತೊಂದನೆಯ ನಿಮಿಷದಲ್ಲಿತ್ತು.

ನೇತುಹಾಕದಿದ್ದರೆ ಆ ಕರು ಬದುಕುತ್ತಿತ್ತೆಂದು ನಾನು ಹೇಳಲಾರೆ. ಇಪ್ಪತ್ತಾರು ವರ್ಷಗಳಲ್ಲಿ ಹಾಗೆ ನೇತುಹಾಕಿದ ಉಳಿದವುಗಳ ಬಗ್ಗೆಯೂ ಹೇಳಲಾರೆ. ಅವನ್ನು ಲೆಕ್ಕ ಹಾಕಲು ಕೂತು ಅರ್ಧಕ್ಕೇ ಎದ್ದುಬಿಟ್ಟೆ. ನನಗೆ ನಾಚಿಕೆಯಾಗಿದೆ, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳು. ಹಸುಗಳು ತಾವು ಮೂಡುವ ಹೊತ್ತನ್ನು ಬಿಟ್ಟು ಈಯುವಂತೆ ದಯವಿಟ್ಟು ಸುತ್ತೋಲೆ ಹೊರಡಿಸಬೇಕು. ಸಾಧ್ಯವಾಗದಿದ್ದರೆ, ವೈದ್ಯರಿಗೆ ಮೂರನೆಯ ಕೈಯೊಂದನ್ನು ಮಂಡಳಿಯೇ ಒದಗಿಸಬೇಕು. ಅದೂ ಕಷ್ಟವೆಂದಾದರೆ, ಅಧ್ಯಕ್ಷರ ಸ್ವಾಗತವನ್ನು ನಲವತ್ತೊಂದನೆಯ ನಿಮಿಷಕ್ಕೆ ಕಳಿಸಿ, ಜೀವ ಉಳಿಸುವ ಮಾತನ್ನು ಮೊದಲ ನಿಮಿಷಕ್ಕೆ ತರಬೇಕು. ನಾವು ಕಲಿತೆವೋ ಇಲ್ಲವೋ ಎಂದು ಪರೀಕ್ಷಿಸಲೇಬೇಕೆಂದಿದ್ದರೆ ಯಾರನ್ನಾದರೂ ಕೊಟ್ಟಿಗೆಗೆ ಕಳಿಸಿ. ಕಳೆದ ವಾರ ಹುಟ್ಟಿದ ಇನ್ನೊಂದು ಕರುವನ್ನು ನಾನು ಎದೆಯೂರಿ ಕೂರಿಸಿದ್ದೇನೆ, ಅದು ಓಡಾಡಿಕೊಂಡಿದೆ. ಪ್ರಮಾಣಪತ್ರವನ್ನು ಅತ್ತೆಯವರ ಕೋಣೆಯಲ್ಲಿ ತೂಗುಹಾಕಿದ್ದೇನೆ. ಇಷ್ಟನ್ನು ಬಹಿರಂಗವಾಗಿ ಒಪ್ಪಿಕೊಂಡ ಮೇಲೆ ನನ್ನ ಪರವಾನಗಿ ಉಳಿಯಲಾರದೆಂಬುದು ತಿಳಿದೇ ಬರೆದಿದ್ದೇನೆ.

ತಮ್ಮ ಬೆಳಕು ಎಂದೂ ಮಂಕಾಗದಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ದಾಖಲೆಯ ಪ್ರಕಾರ ಅಚಲ ಗಮನದ ಪಶುವೈದ್ಯೆ

ತಾ.ಕ.: ನೇತುಹಾಕಿದ್ದು ನನ್ನ ತಪ್ಪೆಂದು, ಸರಿಯಾದ ಕ್ರಮ ಅಂದು ಫೋನಿನಲ್ಲಿ ನಡೆಯುತ್ತಿದ್ದ ಪಾಠದಲ್ಲೇ ಇತ್ತೆಂದು ಹಸುವಿನ ಒಡತಿಗೆ ಮೊನ್ನೆ ಹೋಗಿ ಹೇಳಿಬಂದೆ. ಆಕೆ ನನ್ನನ್ನು ಬೈಯಲಿಲ್ಲ. ತನ್ನ ಅಂಗೈಗಳನ್ನೇ ನೋಡಿಕೊಂಡು, "ಅವತ್ತು ನಾನು ಕೈ ಒರೆಸ್ಕೊಂಡು ಆ ಬಟನ್ ಒತ್ತಿದ್ರೆ ಕರು ಉಳೀತಿತ್ತಾ ಡಾಕ್ಟ್ರೇ?" ಎಂದು ಕೇಳಿದರು. ಆ ಪ್ರಶ್ನೆ ನನಗೆ ಸೇರಿದ್ದಲ್ಲವಾದ್ದರಿಂದ ತಮಗೆ ಕಳಿಸುತ್ತಿದ್ದೇನೆ.