ಏಜೆನ್ಸಿಯ ಸೋಫಾ

ಕಾರು ಕೆಟ್ಟರೆ ಕಂಪೆನಿಯ ಏಜೆನ್ಸಿಗೋ ಹೊರಗಿನ ಮೆಕ್ಯಾನಿಕ್ಕಿಗೋ ಎಂಬ ಚರ್ಚೆ ಕುವೈತಿನ ನಮ್ಮ ಮನೆಗಳಲ್ಲಿ ಇಂದಿಗೂ ಮುಗಿದಿಲ್ಲ. ನಾನು ಮಾತ್ರ ಒಂದು ಆಗಸ್ಟಿನಲ್ಲಿ ತೀರ್ಮಾನಕ್ಕೆ ಬಂದೆ. ಅದಕ್ಕೆ ಕಾರು ಕಾರಣವಲ್ಲ.

೧. ಮೆಕ್ಯಾನಿಕ್

ಫಹಾಹೀಲಿನ ಹಿಂದಿನ ಗಲ್ಲಿಯಲ್ಲಿ ಬ್ಯಾರಿ ಭಾಯಿಯೊಬ್ಬರ ಗ್ಯಾರೇಜಿತ್ತು. ಹತ್ತು ವರ್ಷ ನನ್ನ ಕಾರನ್ನು ನೋಡಿದ್ದು ಅವರೇ. ತೊಂದರೆ ಒಂದೇ, ಬಾನೆಟ್ಟಿನ ಜೊತೆ ನಮ್ಮನ್ನೂ ಬಿಚ್ಚುತ್ತಿದ್ದರು. ಹೆಂಡತಿಯ ಬೆನ್ನುನೋವು ಹೇಗಿದೆ, ಮಗಳು ಯಾಕೆ ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ, ಆಫೀಸಿನಲ್ಲಿ ಏನು ಸುದ್ದಿ, ಎಲ್ಲ ಹೇಳಬೇಕು. ಒಮ್ಮೆ ಎಸಿ ತಂಪಾಗುವುದಿಲ್ಲ ಎಂದು ದೂರಿದೆ. ಅರ್ಧ ಗಂಟೆ ನೋಡಿ ಹೇಳಿದರು, "ಎಸಿಗೆ ಏನೂ ಆಗ್ಲಿಲ್ಲ ಮಾರಾಯ್ರೆ. ನೀವು ತಲೆಬಿಸಿ ಕಮ್ಮಿ ಮಾಡಿ."

೨. ಶಬ್ದ

ಆ ಆಗಸ್ಟಿನಲ್ಲಿ ಆಫೀಸಿನವರು ಕರೆದು ಖಲಾಸ್, ಇನ್ನು ಬರಬೇಡ ಎಂದರು. ಇಲ್ಲಿರಲು ಬೇಕಾದ ಪರವಾನಗಿ ಇಕಾಮಾ, ಹೆಂಡತಿ, ಮಗಳು ಇಬ್ಬರದೂ ನನ್ನದಕ್ಕೆ ಜೋತುಬಿದ್ದದ್ದು. ಬೇಗ ಬೇರೆ ಕೆಲಸ ಸಿಗದಿದ್ದರೆ ಮಗಳ ಹತ್ತನೇ ಕ್ಲಾಸು ಅರ್ಧಕ್ಕೇ ಬಿಟ್ಟು ಎಲ್ಲರೂ ಊರಿಗೆ. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಬೆಳಿಗ್ಗೆ ಅವಳು ಇಸ್ತ್ರಿ ಹಾಕಿಕೊಟ್ಟ ಶರ್ಟು ತೊಟ್ಟು, ಟೈ ಕಟ್ಟಿ ಹೊರಡುತ್ತಿದ್ದೆ. ಆದರೆ ಆ ಬಿಸಿಲಲ್ಲಿ ಹೋಗುವುದೆಲ್ಲಿಗೆ? ಭಾಯಿಯ ಗ್ಯಾರೇಜಿನಲ್ಲಿ ಪ್ರಶ್ನೆಗಳಿದ್ದವು. ಏಜೆನ್ಸಿಯಲ್ಲಿ ಸೋಫಾ, ಎಸಿ, ಪುಕ್ಕಟೆ ಕಾಫಿ ಇತ್ತು. ನಾಲ್ಕಾರು ಕಡೆ ಅರ್ಜಿ ಕೊಟ್ಟು ಅಲ್ಲಿಗೆ ಹೋಗುತ್ತಿದ್ದೆ.

ಒಂದು ದಿನ ಗರಗರ ಶಬ್ದ ಎಂದೆ, ಮರುದಿನ ಕಟಕಟ ಎಂದೆ. ಅಲ್ಲಿನ ಹುಡುಗಿ ಮರ್ಯಾದೆಯಿಂದ ಬರೆದುಕೊಳ್ಳುತ್ತಿದ್ದಳು. ಎಂಟನೆಯ ದಿನ ಅವಳೇ ಕೇಳಿದಳು, "ಸರ್, ಇವತ್ತು ಯಾವ ಶಬ್ದ ಬರೆಯಲಿ?"

೩. ಎದುರಿನವರು

ಎದುರಿನ ಸೋಫಾದಲ್ಲಿ ದಿನವೂ ಒಬ್ಬರು ಟೈ ಕಟ್ಟಿಕೊಂಡು ಕೂರುತ್ತಿದ್ದರು. ಇವರ ಕಾರು ನನ್ನದಕ್ಕಿಂತ ಕೆಟ್ಟದ್ದಿರಬೇಕು ಎಂದು ಸಮಾಧಾನಪಟ್ಟುಕೊಂಡಿದ್ದೆ. ಕೊನೆಗೊಮ್ಮೆ ಯಾವ ಮಾಡೆಲ್ ಎಂದು ಕೇಳಿದೆ.

ಅವರು ಪೇಪರ್ ಮಡಚಿ ಮೆಲ್ಲಗೆ ಹೇಳಿದರು, "ಕಾರಿಲ್ಲ ಭಾಯಿ. ನಾನು ಬಸ್ಸಿನಲ್ಲಿ ಬರುವುದು."

ನಗು ಬಂತು, ಆದರೆ ನಗಲಾಗಲಿಲ್ಲ. ಎದ್ದು ಹೋಗಿ ಅವರಿಗೂ ಒಂದು ಕಾಫಿ ತಂದುಕೊಟ್ಟೆ.

೪. ಟೈ

ಇಲ್ಲಿ ವಾರದ ರಜೆ ಶುಕ್ರವಾರ, ಚರ್ಚೂ ಅಂದೇ. ಹೆಂಡತಿಯ ಜೊತೆ ಹೊರಟಿದ್ದೆ. ಎಗೈಲಾ ದಾಟುವಷ್ಟರಲ್ಲಿ ಎಂಜಿನ್ ಕಾದು, ಹೊಗೆಯೆದ್ದು ಕಾರು ನಿಂತಿತು. ಏಜೆನ್ಸಿಗೆ ರಜೆ. ಹೆಂಡತಿ ಭಾಯಿಗೆ ಫೋನ್ ಮಾಡಿದಳು. ಊಟದ ನಡುವೆ ಎದ್ದು ಬಂದರಂತೆ, ಬೆರಳಲ್ಲಿ ಇನ್ನೂ ಮಸಾಲೆಯ ಬಣ್ಣವಿತ್ತು.

ಪೈಪು ಒಡೆದು ನೀರೆಲ್ಲ ಸೋರಿಹೋಗಿತ್ತು. ನಾನು ಎರಡು ವಾರ ದಿನಾ ಏಜೆನ್ಸಿಗೆ ಹೋದ ಸುದ್ದಿ ಅವರಿಗೆ ಮುಟ್ಟಿತ್ತು. ಅಷ್ಟು ದಿನವೂ ಇದನ್ನು ಯಾರೂ ನೋಡಲಿಲ್ಲವಾ ಎಂದು ಕೇಳಿದರು. ಹೆಂಡತಿ ಹೇಳಿದಳು, "ಇವ್ರು ಕಾರು ತೋರಿಸ್ಲಿಕ್ಕೆ ಹೋದದ್ದಲ್ಲ ಭಾಯಿ. ಕೆಲಸ ಹೋಗಿದೆ. ಕೂತ್ಕೊಳ್ಲಿಕ್ಕೆ ಹೋದದ್ದು."

ನಿನಗೆ ಹೇಗೆ ಗೊತ್ತು ಎಂದೆ. ನಾನು ಸಂಜೆ ಬಂದು ಆಫೀಸಿನ ಮ್ಯಾನೇಜರನ್ನು ಬೈಯುವುದು ನಿಲ್ಲಿಸಿದ ದಿನವೇ ಗೊತ್ತಾಯಿತಂತೆ. ಗೊತ್ತಿದ್ದೂ ದಿನಾ ಶರ್ಟಿಗೆ ಇಸ್ತ್ರಿ ಹಾಕಿದ್ದಳು. ನನಗೆ ಅಲ್ಲೇ ಅಳು ಬಂತು. ಮುಖ ಮರೆಸಲು ಬಾನೆಟ್ಟಿನೊಳಗೆ ಬಗ್ಗಿದೆ, ಚರ್ಚಿಗೆಂದು ಕಟ್ಟಿದ್ದ ಟೈ ಎಂಜಿನ್ನಿನ ಮೇಲೆ ಜೋತಾಡಿತು.

ಭಾಯಿ ಪೈಪು ಬಿಗಿಯುತ್ತಲೇ ಹೇಳಿದರು, "ನಾಳೆಯಿಂದ ನಮ್ಮಲ್ಲಿಗೇ ಬನ್ನಿ. ದೊಡ್ಡ ದೊಡ್ಡ ಕಂಪೆನಿಯವ್ರ ಗಾಡಿ ಬರ್ತದೆ, ಒಬ್ಬೊಬ್ಬರನ್ನೇ ಕೇಳುವ. ಸೋಫಾ ಇಲ್ಲ, ಟಯರಿನ ಮೇಲೆ ಕೂರ್ಬೇಕು. ಟೈ ಮಾತ್ರ ಬೇಡ. ಈಗಲೇ ಫ್ಯಾನಿಗೆ ಸಿಕ್ತಾ ಉಂಟು."