ನಮ್ಮ ಕಟ್ಟೆಯ ಮೇಲೆ ಫ್ರಾನ್ಸಿನ ಬಾಟಲಿ

ಇಳಕಲ್ಲಿನ ನಮ್ಮ ಮನೆಯ ಮೇಲಿನ ಖೋಲಿಗೆ ಬಾಡಿಗೆಗೆ ಬಂದವರು ಯಾರೂ ಇದುವರೆಗೆ ಸುಮ್ಮನೆ ಇದ್ದು ಹೋದದ್ದಿಲ್ಲ. ಒಬ್ಬ ಮಾಸ್ತರ ಸ್ನಾನದ ಹಂಡೆಯಲ್ಲಿ ಆಮೆ ಸಾಕಿದ್ದ. ಒಬ್ಬ ವಿಮಾ ಏಜೆಂಟ ನಮ್ಮ ಅತ್ತೆಗೇ ವಿಮೆ ಮಾಡಿಸಿ, ಆಕೆಯ ಆರೋಗ್ಯ ಹೇಗಿದೆ ಎಂದು ದಿನಾ ನನ್ನನ್ನು ಗುಟ್ಟಾಗಿ ಕೇಳುತ್ತಿದ್ದ. ಹೋದ ವರ್ಷ ಬಂದವಳು ಫ್ರಾನ್ಸ್ ದೇಶದ ಹುಡುಗಿ. ಸೀರೆ ನೇಯುವುದನ್ನು ಕಲಿಯಲು ಬಂದವಳು, ಮಗ್ಗದ ಮನೆಗಳಲ್ಲಿ ಕೂತು ಕೂತು ನಮ್ಮ ಮಾತನ್ನೂ ಕಲಿತಿದ್ದಳು. ಪಾಪದ ಹುಡುಗಿ. ಆದರೂ ಮೇಲಿನ ಖೋಲಿಯ ಗುಣ ಬಿಡಬೇಕಲ್ಲ.

೧. ಕರಾರು

ಬಾದಾಮಿಯ ಗುಹೆ ನೋಡಲು ಬಂದ ಅವಳ ಊರಿನವರೊಬ್ಬರು ಎರಡು ಬಾಟಲಿ, ಒಂದು ಪತ್ರ ಕೊಟ್ಟು ಹೋದರು. ಬಾಟಲಿಯಲ್ಲಿದ್ದದ್ದು ಅವಳ ತಮ್ಮ ಮೊದಲ ಸಲ ತನ್ನ ಕೈಯಾರೆ ಮಾಡಿದ ಕೆಂಪು ವೈನ್. ಮಾಡಿ ಆರು ತಿಂಗಳೂ ಆಗಿರಲಿಲ್ಲ. ಅಪ್ಪ ಅವನಿಗೆ ಕರಾರು ಹಾಕಿದ್ದ: ಗುರುತು ಪರಿಚಯವಿಲ್ಲದ ನಾಲ್ಕು ಮಂದಿ ಕುಡಿದು ಏನೆನ್ನುತ್ತಾರೋ ಬರೆಸಿಕೊಂಡು ಬಾ. ನನಗೆ ಒಪ್ಪಿಗೆಯಾದರೆ ದ್ರಾಕ್ಷಿ ತೋಟ ನಿನ್ನದು. ಇಲ್ಲವಾದರೆ ತೋಟ ಮಾರುತ್ತೇನೆ, ನೀನು ಟೈರ್ ಕಾರ್ಖಾನೆಗೆ ನಡೆ.

ಅವರ ಊರಿನಲ್ಲಿ ಎಲ್ಲರೂ ಒಂದೋ ನೆಂಟರು, ಇಲ್ಲವೋ ವೈರಿಗಳು. ಅದಕ್ಕೇ ಆ ತಮ್ಮ ನಮ್ಮ ಇಳಕಲ್ಲನ್ನು ಆರಿಸಿದ್ದ.

ಹುಡುಗಿಗೆ ಆಗ ಕಾಮಾಲೆಯಾಗಿತ್ತು. ನಾನು ಮೊಲೆಹಾಲು ಕುಡಿಸುವ ತಾಯಿ. ಕುಡಿಯುವವರನ್ನು ಹೊರಗಿನಿಂದಲೇ ಕರೆಯಬೇಕಾಯಿತು. ಓಣಿಯ ಸೊಸೆಯಂದಿರಲ್ಲಿ ಹತ್ತನೇ ಇಯತ್ತೆಯವರೆಗೆ ಓದಿದವಳು ನಾನೊಬ್ಬಳೇ ಆದ್ದರಿಂದ ಬರೆದುಕೊಳ್ಳುವ ಕೆಲಸ ನನಗೆ ಬಂತು.

"ಕರಾರಿನ ಮಾತ ಯಾರಿಗೂ ಹೇಳಬ್ಯಾಡ ಅಕ್ಕಾ. ಹೇಳಿದ್ರ ಖರೆ ಮಾತಾಡೂದಿಲ್ಲ," ಎಂದಳು ಹುಡುಗಿ.

ಅತ್ತೆ ಮೂರು ಹೊತ್ತು ಲಿಂಗಪೂಜೆ ಮಾಡುವವರು. "ಸೆರೆ ನನ್ನ ಹೊಸ್ತಿಲಾ ದಾಟಬಾರದು," ಎಂದರು.

"ಕಟ್ಟಿ ಮ್ಯಾಲ ಇಟ್ರ ನಡೀತೈತೇನ್ರಿ?" ಎಂದೆ.

ಅತ್ತೆ ಯೋಚಿಸಿದರು. "ಕಟ್ಟಿ ಹೊಸ್ತಿಲದ ಆಚೀಕ ಬರ್ತೈತಿ," ಎಂದರು. ಆಮೇಲೆ ಹೊಸ್ತಿಲ ಈಚೆ, ಎಲ್ಲ ಚೆನ್ನಾಗಿ ಕಾಣುವಲ್ಲಿ, ಮಣೆ ಹಾಕಿಕೊಂಡು ಕೂತರು.

೨. ಬಣ್ಣಗಾರರು

ಮೊದಲು ಬಂದವರು ಸೀರೆಯ ನೂಲಿಗೆ ಬಣ್ಣ ಹಾಕುವ ಹಿರಿಯರು. ಲೋಟ ಕೈಗೆ ಕೊಟ್ಟೆ. ಅವರು ಕುಡಿಯಲಿಲ್ಲ. ಕಿಸೆಯಿಂದ ಬಿಳಿ ರೇಷ್ಮೆಯ ಎಳೆ ತೆಗೆದು ಅದರಲ್ಲಿ ಅದ್ದಿ ಬಿಸಿಲಿಗೆ ಹಿಡಿದರು.

"ಹಸೀ ಬಣ್ಣ ಇದು. ಕೆಂಪಂತೀನಿ ಅಂದ್ರ ಕೆಂಪಲ್ಲ, ನೇರಲಿ ಅಂತೀನಿ ಅಂದ್ರ ನೇರಲಿ ಅಲ್ಲ. ಇನ್ನೂ ಕುಂತಿಲ್ಲ. ಎರಡ ವರ್ಷ ಕತ್ತಲ್ಯಾಗ ಇಡಾಕ ಹೇಳ್ರಿ."

"ರುಚಿ ಹೆಂಗೈತಿ ಕಾಕಾ?"

"ಬಣ್ಣಕ್ಕ ರುಚಿ ಯಾರ ಕೇಳ್ತಾರ?" ಎಂದರು. ಆದರೂ ಲೋಟ ಖಾಲಿ ಮಾಡಿದರು. "ಇದೂ ಹಸೀದ ಐತಿ."

ಮರುದಿನ ಬೆಳಿಗ್ಗೆ ಮತ್ತೆ ಬಂದು ಎಳೆ ತೋರಿಸಿದರು. ಬೆಳ್ಳಗಾಗಿತ್ತು. "ಒಂದ ತೊಳಿಗೂ ನಿಲ್ಲಲಿಲ್ಲವಾ. ಇಂಥಾ ಬಣ್ಣದ ಸೀರಿ ಮಾರಿದ್ರ ಗಿರಾಕಿ ಅದೇ ಸೀರೀಲೆ ನನ್ನ ಕಂಬಕ್ಕ ಕಟ್ಟತಾಳ!"

೩. ದ್ರಾಕ್ಷಿ ಬೆಳೆದವರು

ಮಗಳ ಮದುವೆಯ ಸೀರೆ ಕೊಳ್ಳಲು ಕಮತಗಿಯಿಂದ ಒಬ್ಬ ಗೌಡರು ಬಂದಿದ್ದರು. ಎರಡೆಕರೆ ದ್ರಾಕ್ಷಿ ಹಾಕಿದವರು. ಇವರಿಗಿಂತ ತಿಳಿದವರು ಯಾರು ಎಂದು ಕರೆದೆವು. ಒಂದು ಗುಟುಕು ಬಾಯಿಗೆ ಹೋದದ್ದೇ, ಗೌಡರ ಮುಖ ಹಿಂಡಿದ ಲಿಂಬೆಹಣ್ಣಾಯಿತು.

"ಬೀಜಾ ಸೈತ ಅರದಾರ! ಸಿಪ್ಪಿನೂ ಬಿಟ್ಟಿಲ್ಲ. ನಾಲಿಗಿ ಒಗರಾಗಿ ಹಲ್ಲಿಗೆ ಅಂಟಿಕೊಂತು." ನೀರು ಕುಡಿದು ಸುಧಾರಿಸಿಕೊಂಡರು. "ಅಲ್ಲಾ, ಆ ಹುಡುಗನ ಮನ್ಯಾಗ ಬೀಜಾ ತಗ್ಯಾಕ ಹೆಣ್ಮಕ್ಕಳು ಯಾರೂ ಇಲ್ಲೇನು?"

"ನಾ ಅದೀನ್ರಿ. ನಾ ಅವನ ಅಕ್ಕ," ಎಂದಳು ಹುಡುಗಿ.

ಗೌಡರು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ನೀ ಇಲ್ಲಿ ಬಂದು ಸೀರಿ ನೇಯಾಕ ಕುಂತ್ರ ಅಲ್ಲಿ ಬೀಜಾ ಯಾರ ತಗೀಬೇಕವಾ?"

೪. ಹೆಸರು ಹೇಳಲೊಲ್ಲದವರು

ನನ್ನ ಗಂಡ ಸೆರೆಯ ವಾಸನೆಗೇ ದೂರ ಎಂದು ಅತ್ತೆ ಊರೆಲ್ಲ ಹೇಳಿಕೊಂಡಿದ್ದಾರೆ. ಆ ಸಂಜೆ ಗಂಡ, "ಮೆಟ್ಟಿಲದ ಬಲ್ಬ್ ನೋಡಿ ಬರ್ತೀನಿ," ಎಂದು ಹೊರಗೆ ಹೋದರು. ರಾತ್ರಿ ಬಾಟಲಿ ಇಡುತ್ತಿದ್ದದ್ದೂ ಕಟ್ಟೆಯ ಪಕ್ಕದ ಆ ಮೆಟ್ಟಿಲ ಕೆಳಗೇ. ಊಟಕ್ಕೆ ಕೂತಾಗ ನೋಡುತ್ತೇನೆ, ತುಟಿ ಎರಡೂ ನೀಲಿ.

"ತುಟಿಗೆ ಏನಾತ್ರಿ?"

"ನೇರಲಹಣ್ಣ ತಿಂದೆ."

"ಶಿವರಾತ್ರ್ಯಾಗ ನೇರಲಹಣ್ಣ?"

"ಹಂಗಾರ ಶಾಯಿ ಇರಬೇಕು."

"ಬಲ್ಬಿಗೆ ಶಾಯಿ ತುಂಬಿದ್ರೇನು?"

ಅತ್ತೆಗೆ ಕಾಣದಂತೆ ನೋಟುಬುಕ್ಕಿನಲ್ಲಿ ಬರೆದೆ: "ಒಬ್ಬರು ಹೆಸರು ಹೇಳಲೊಲ್ಲರು. ಬಾಯಿಮಾತಿನ ಅಭಿಪ್ರಾಯವಿಲ್ಲ. ತುಟಿಯ ಅಭಿಪ್ರಾಯ ಕಾಣುತ್ತಿದೆ."

೫. ಮಿಲಿಟರಿ ಕಾಕಾ

ಪೆನ್ಶನ್ ತೆಗೆದುಕೊಂಡು ಊರಿಗೆ ಬಂದ ಮಿಲಿಟರಿ ಕಾಕಾ ನಮ್ಮ ಎದುರು ಮನೆಯವರು. "ಹಿಮದಾಗ ಅರ್ಧಾ ಬಾಟ್ಲಿ ರಮ್ ಕುಡುದು ಬಂದೂಕ ಹಿಡಿದು ನಿಂತಾವ ನಾ. ಒಮ್ಮೆನೂ ಬಿದ್ದಿಲ್ಲ," ಎಂಬುದು ಅವರ ಬಿರುದು. ನಿಂತಲ್ಲೇ ಮೂರು ಲೋಟ ಇಳಿಸಿದರು. ಗಡಿಯಾರ ನೋಡುತ್ತ ಕೂತರು. ಹತ್ತು ನಿಮಿಷ. ಇಪ್ಪತ್ತು ನಿಮಿಷ.

"ತಂಗಿ, ಸೂಜಿ ದಾರ ತಾ."

ತಂದುಕೊಟ್ಟೆ. ಒಂದೇ ಏಟಿಗೆ ದಾರ ಪೋಣಿಸಿದರು. ನನ್ನ ಕೂಸಿನ ಅಂಗಿಯ ಗುಂಡಿ ಜೋತಾಡುತ್ತಿತ್ತು, ಅದನ್ನೂ ಹೊಲಿದರು. "ಬರಕೋ. ಇದು ಕುಡಿಯೋದಲ್ಲ, ಹೊಲಿಯೋದು!"

ಆ ಅಂಗಿ ಹರಿಯಿತು, ಗುಂಡಿ ಮಾತ್ರ ಇನ್ನೂ ಕಿತ್ತಿಲ್ಲ.

೬. ಮಾತು ತಿದ್ದಿದ್ದು

ನಾಲ್ಕೂ ಅಭಿಪ್ರಾಯ ಓದಿ ಹುಡುಗಿ ಅತ್ತಳು. ತೋಟ ಹೋಯಿತು, ತನ್ನ ತಮ್ಮ ಟೈರ್ ಕಾರ್ಖಾನೆಗೆ ಹೋದಂತೆಯೇ ಎಂದಳು. ಬಾಗಿಲಲ್ಲಿದ್ದ ಅತ್ತೆ ಕೇಳಿಸಿಕೊಂಡರು. ನಳದ ನೀರಿಗೆ ಹೋದವರು ಅಲ್ಲಿ, "ಆ ಪರದೇಶಿ ಹುಡುಗನ ತ್ವಾಟ ನಮ್ಮ ಮಂದಿ ನಾಲಿಗಿ ಮ್ಯಾಲ ನಿಂತೈತಿ," ಎಂದುಬಿಟ್ಟರು.

ನಮ್ಮ ಓಣಿಗೆ ಯಾರಾದರೂ ಮದುವೆಗೆಂದು ಹುಡುಗಿಯ ಬಗ್ಗೆಯೋ ಹುಡುಗನ ಬಗ್ಗೆಯೋ ವಿಚಾರಿಸಲು ಬಂದರೆ, ಮೆಳ್ಳಗಣ್ಣಿಯೂ ಕಮಲನೇತ್ರೆಯಾಗುತ್ತಾಳೆ. ಒಬ್ಬರ ಬಾಳು ನಮ್ಮ ಮಾತಿನಿಂದ ಕೆಡಬಾರದು ಎಂಬುದು ಇಲ್ಲಿಯ ಕಾನೂನು. ಸಂಜೆಯೊಳಗೆ ಎಲ್ಲರೂ ಮಾತು ತಿದ್ದತೊಡಗಿದರು.

ಬಣ್ಣಗಾರರು ಬಂದು, "ಬಣ್ಣ ಪಕ್ಕಾ ಐತಿ ಅಂತ ಬರಿ. ನಮ್ಮ ನೀರ ಸವಳ, ಅದಕ್ಕ ಬಿಟ್ಟೈತಿ," ಎಂದರು. ಸುದ್ದಿ ಕಮತಗಿಗೂ ಮುಟ್ಟಿ, ಗೌಡರು ಬಸ್ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದರು: ಬೀಜ ಹೊಟ್ಟೆಗೆ ಒಳ್ಳೆಯದಂತೆ. ನನ್ನ ಗಂಡ ಧೈರ್ಯ ಮಾಡಿ ಅತ್ತೆಯ ಎದುರಿಗೇ, "ನಾನೂ ಕುಡದೀನಿ. ಭಾಳ ಚಲೋ ಐತಿ," ಎಂದರು. ಮನೆ ಈಗ ಮುರಿಯಿತು ಎಂದು ನಾನು ಕೂಸನ್ನು ಎತ್ತಿಕೊಂಡೆ.

ಅತ್ತೆ ಹೇಳಿದ್ದು ಇಷ್ಟೇ: "ಸ್ವಲ್ಪ ಜೋರಾಗಿ ಹೇಳೋ. ಆಕಿ ಬರಕೋಬೇಕು."

೭. ಬಿದ್ದದ್ದು

ಮರುದಿನ ಹಾಡಹಗಲು ಮಿಲಿಟರಿ ಕಾಕಾ ಬಂದು ಉಳಿದ ಅರ್ಧ ಲೋಟ ಕೇಳಿ ಕುಡಿದರು. ಕನ್ನಡಕ ತೆಗೆದು ಅತ್ತೆಯ ಕೈಗೆ ಕೊಟ್ಟರು. ಗಡಿಯಾರ ಬಿಚ್ಚಿ ಕಿಸೆಗಿಟ್ಟರು. ಸಗಣಿ ಇಲ್ಲದ ಜಾಗ ಹುಡುಕಿದರು. "ಅಯ್ಯೋ, ಏರಿತು!" ಎಂದು ಕೂಗಿ ದಪ್ಪನೆ ಬಿದ್ದರು.

ಓಣಿಯೆಲ್ಲ ಓಡಿಬಂತು. ಕಾಕಾ ಮಲಗಿದಲ್ಲಿಂದ ಒಂದೇ ಕಣ್ಣು ತೆರೆದು ಕೇಳಿದರು: "ತಂಗಿ, ಬರಕೊಂಡ್ಯಾ?"

೮. ಉತ್ತರ

ಯಾವುದನ್ನು ಕಳಿಸಬೇಕೆಂದು ಹುಡುಗಿಗೆ ತಿಳಿಯಲಿಲ್ಲ. "ಮೊದಲ ಅಂದದ್ದು, ಆಮ್ಯಾಲ ಅಂದದ್ದು, ಎರಡೂ ಕಳಸು. ತ್ವಾಟ ನಿಮ್ಮಪ್ಪಂದು, ತಲಿನೋವೂ ಅವಂದ ಆಗಲಿ," ಎಂದೆ.

ಎರಡು ತಿಂಗಳಿಗೆ ಅಪ್ಪನ ಪತ್ರ ಬಂತು. ಎಲ್ಲರೂ ಕಟ್ಟೆಯ ಮುಂದೆ ಸೇರಿದರು. ಹುಡುಗಿ ಓದಿ ಓದಿ ಕನ್ನಡದಲ್ಲಿ ಹೇಳಿದಳು. ಎರಡು ವರ್ಷ ಕತ್ತಲಲ್ಲಿ ಇಡು ಎಂದು ಅಪ್ಪನೂ ಮಗನಿಗೆ ಬಡಕೊಂಡಿದ್ದನಂತೆ. ಬೀಜ ಒಡೆಯುವಷ್ಟು ಹಿಂಡಬೇಡ ಎಂದೂ ಹೇಳಿದ್ದನಂತೆ. "ನನ್ನ ಮಾತು ಖರೆ ಅನ್ನುವವರು ನಮ್ಮ ಊರಿನಲ್ಲಿ ಒಬ್ಬರೂ ಇಲ್ಲ. ಇಳಕಲ್ಲಿನಲ್ಲಿ ಇದ್ದಾರೆಂದು ತಿಳಿದು ಜೀವ ತಣ್ಣಗಾಯಿತು. ಮಗನಿಗೂ ಬುದ್ಧಿ ಬಂದಿದೆ. ತೋಟ ಅವನಿಗೇ ಕೊಟ್ಟೆ."

ಅತ್ತೆ ಎಲ್ಲರ ಬಾಯಿಗೆ ಸಕ್ಕರೆ ಹಾಕಿದರು. ಹುಡುಗಿ ಕೊನೆಯ ಸಾಲಿಗೆ ಬಂದು ನಿಂತಳು. "ಓದವಾ," ಎಂದರು ಮಿಲಿಟರಿ ಕಾಕಾ.

"ಅರ್ಧ ಲೋಟಕ್ಕೆ ಬಿದ್ದ ಆ ಪೆನ್ಶನ್ ಮನುಷ್ಯನಿಗೆ ಕುಡಿಯಲು ಬರುವುದಿಲ್ಲ, ಪಾಪ. ಇನ್ನು ಮುಂದೆ ಅವನಿಗೆ ಹಾಲು ಕೊಡಿ."

ಯಾರೂ ನಗಲಿಲ್ಲ. ನಗಲು ಧೈರ್ಯವಾಗಲಿಲ್ಲ. ಕಾಕಾನ ಮೀಸೆ ಅದುರುತ್ತಿತ್ತು.

"ತಂಗಿ, ಪೆನ್ನ ತಗಿ. ಬಿದ್ದದ್ದು ಸುಳ್ಳ ಅಂತ ಈಗಿಂದೀಗ ಬರಿ."

"ಸುಳ್ಳಂತ ಗೊತ್ತಾಗಿ ಆ ಮುದಕ ಕೊಟ್ಟ ತ್ವಾಟ ಹೊಳ್ಳಿ ಕಸಕೊಂಡ್ರ?" ಎಂದರು ಅತ್ತೆ.

ಕಾಕಾ ಹುಡುಗಿಯ ಮುಖ ನೋಡಿದರು. ಪತ್ರ ನೋಡಿದರು. ಕಟ್ಟೆಯ ಮೇಲೆ ಕೂತು ದೊಡ್ಡ ಉಸಿರು ಬಿಟ್ಟರು.

"ಹಂಗಾದ್ರ ಇಷ್ಟ ಬರಿ," ಎಂದರು. "ಹಾಲಿಗೆ ಸಕ್ಕರಿ ಎಷ್ಟ ಹಾಕಬೇಕು, ಕೇಳು."